ಪ್ರಾಥಮಿಕ ಶಾಲೆಯ ಮಕ್ಕಳಿಗೂ ಶಿಕ್ಷಕರಿಗೂ ಇರುವ ಆಸರೆಗಳು: ಸೇಲಂ–ಧರ್ಮಪುರಿಯ ಕನ್ನಡ ಕುಟುಂಬಗಳಿಗೆ ಒಂದು ಕೈಪಿಡಿ

ತಮಿಳುನಾಡಿನ ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಕಲಿಯುವ ಮಕ್ಕಳಿಗೂ ಅಲ್ಲಿ ಪಾಠ ಹೇಳುವ ಶಿಕ್ಷಕರಿಗೂ ಹಲವು ಯೋಜನೆಗಳ ಆಸರೆಯಿದೆ. ಅವುಗಳಲ್ಲಿ ಕೆಲವು ಎಲ್ಲ ಮಕ್ಕಳಿಗೂ ಸಮಾನವಾಗಿ ಸಲ್ಲುವಂಥವು. ಕೆಲವು ಭಾಷಾ ಅಲ್ಪಸಂಖ್ಯಾತರಿಗೆಂದೇ ಇರುವಂಥವು. ಮೊದಲನೆಯ ಬಗೆಯವು ಮಗು ಶಾಲೆಗೆ ಸೇರಿದೊಡನೆ ತಾವಾಗಿಯೇ ದೊರೆಯುತ್ತವೆ. ಎರಡನೆಯ ಬಗೆಯವು ಕೇಳಿದರೆ ಮಾತ್ರ ದೊರೆಯುತ್ತವೆ. ಅದೂ ಸಕಾಲದಲ್ಲಿ, ಬರವಣಿಗೆಯಲ್ಲಿ ಕೇಳಿದರೆ. ಗಡಿ ಜಿಲ್ಲೆಗಳಲ್ಲಿ ಕನ್ನಡ ತರಗತಿಯೊಂದು ಉಳಿಯುವುದೂ ಮುಚ್ಚುವುದೂ ಬಹುಮಟ್ಟಿಗೆ ಈ ಎರಡನೆಯ ಬಗೆಯ ಹಕ್ಕನ್ನು ಊರಿನವರು ಬಳಸಿಕೊಂಡರೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಆದಕಾರಣ ಎರಡೂ ಬಗೆಯ ಆಸರೆಗಳನ್ನು ಒಂದೆಡೆ ಕಲೆಹಾಕಿ, ಯಾವುದನ್ನು ಯಾರಲ್ಲಿ ಹೇಗೆ ಕೇಳಬೇಕೆಂಬುದನ್ನು ನಾವು ಇಲ್ಲಿ ವಿವರಿಸುತ್ತಿದ್ದೇವೆ.

ಈ ಜಿಲ್ಲೆಗಳಲ್ಲಿ ಕನ್ನಡ

ಸೇಲಂ–ಧರ್ಮಪುರಿ ಸೀಮೆಗೆ ಕನ್ನಡ ಹೊಸದಾಗಿ ಬಂದು ಸೇರಿದ ಭಾಷೆಯಲ್ಲ. ತಗಡೂರು ಎಂಬ ಹಳೆಯ ಹೆಸರಿನ ಧರ್ಮಪುರಿಯಲ್ಲಿ ನೊಳಂಬ ಅರಸರ ಕಾಲದ ಕನ್ನಡ ಶಾಸನಗಳಿವೆ. ಬಾರಾಮಹಲ್ ಎಂದು ಕರೆಯಲಾಗುತ್ತಿದ್ದ ಈ ಪ್ರದೇಶವು ಮೈಸೂರಿನ ಆಳ್ವಿಕೆಯಲ್ಲಿದ್ದು, 1792ರ ಶ್ರೀರಂಗಪಟ್ಟಣದ ಒಪ್ಪಂದದ ತರುವಾಯ ಇಂಗ್ಲಿಷರ ಕೈಸೇರಿತು. ಮುಂದೆ ಅದೆಲ್ಲವೂ ಸೇಲಂ ಜಿಲ್ಲೆಯಾಯಿತು. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆಯೂ ಬೇರ್ಪಟ್ಟವು. ಹೊಸೂರು, ತಳಿ, ಡೆಂಕಣಿಕೋಟೆಗಳ ಹಳೆಯ ಶಾಲಾ ದಾಖಲೆಗಳಲ್ಲಿ ‘ಸೇಲಂ ಜಿಲ್ಲೆ’ ಎಂದೂ ನಂತರದವುಗಳಲ್ಲಿ ‘ಧರ್ಮಪುರಿ ಜಿಲ್ಲೆ’ ಎಂದೂ ಇರುವುದು ಈ ಕಾರಣದಿಂದಲೇ.

2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 12,86,175 ಮಂದಿ. ಕನ್ನಡ ಮಾಧ್ಯಮದ ತರಗತಿಗಳು ಇಂದು ಮುಖ್ಯವಾಗಿ ಕೃಷ್ಣಗಿರಿ ಜಿಲ್ಲೆಯ ಗಡಿ ಭಾಗದಲ್ಲಿಯೂ ಈರೋಡು ಜಿಲ್ಲೆಯ ತಾಳವಾಡಿಯಲ್ಲಿಯೂ ಇವೆ. ಈಗಿನ ಸೇಲಂ ಮತ್ತು ಧರ್ಮಪುರಿಯ ಕನ್ನಡ ಮನೆಗಳ ಮಕ್ಕಳಲ್ಲಿ ಬಹುಪಾಲು ತಮಿಳು ಮಾಧ್ಯಮದಲ್ಲಿಯೇ ಓದುತ್ತಾರೆ. ಸೇಲಂ ನಗರದ ದೇವಾಂಗ ನೇಕಾರ ಕುಟುಂಬಗಳಲ್ಲಿ ಮಗ್ಗದ ಬಳಿಯ ಮಾತು ಕನ್ನಡ, ಲೆಕ್ಕದ ಪುಸ್ತಕದ ಅಕ್ಷರ ತಮಿಳು. ಪೆನ್ನಾಗರಂ, ಹೊಗೇನಕಲ್ ಕಡೆಯಲ್ಲಿಯೂ, ಮೇಟೂರಿನಿಂದ ಮಲೆ ಮಹದೇಶ್ವರ ಬೆಟ್ಟದತ್ತ ಸಾಗುವ ದಾರಿಯ ಕೊಳತ್ತೂರು ಭಾಗದಲ್ಲಿಯೂ ಸ್ಥಿತಿ ಹೆಚ್ಚುಕಡಿಮೆ ಇದೇ. ಆದ್ದರಿಂದ ಈ ಕೈಪಿಡಿಯು ಎರಡು ಬಗೆಯ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದೆ: ಮಗುವನ್ನು ಕನ್ನಡ ಮಾಧ್ಯಮಕ್ಕೆ ಕಳುಹಿಸುತ್ತಿರುವವರು, ಹಾಗೂ ಕನ್ನಡ ತರಗತಿ ಹತ್ತಿರದಲ್ಲಿಲ್ಲದೆ ತಮಿಳು ಮಾಧ್ಯಮಕ್ಕೆ ಕಳುಹಿಸುತ್ತಿರುವವರು.

ಕಾನೂನಿನ ನೆಲೆಗಟ್ಟು

ಭಾರತದ ಸಂವಿಧಾನಕ್ಕೆ 1956ರ 7ನೆಯ ತಿದ್ದುಪಡಿಯ ಮೂಲಕ 350ಎ ಮತ್ತು 350ಬಿ ಎಂಬ ಎರಡು ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಪ್ರಾಧಿಕಾರವೂ ಯತ್ನಿಸಬೇಕೆಂದು 350ಎ ಹೇಳುತ್ತದೆ. ಈ ರಕ್ಷಣೆಗಳು ಹೇಗೆ ಜಾರಿಯಾಗುತ್ತಿವೆಯೆಂದು ಪರಿಶೀಲಿಸುವ ವಿಶೇಷ ಅಧಿಕಾರಿಯನ್ನು ರಾಷ್ಟ್ರಪತಿಗಳು ನೇಮಿಸಬೇಕೆಂದು 350ಬಿ ಹೇಳುತ್ತದೆ. ಅದರಂತೆ 1957ರಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆ ಹುಟ್ಟಿತು. ಅದರ ವಲಯ ಕಚೇರಿಗಳಲ್ಲಿ ಒಂದು ಚೆನ್ನೈಯಲ್ಲಿದೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣವು, ಕಾರ್ಯಸಾಧ್ಯವಾದ ಮಟ್ಟಿಗೆ ಬೋಧನೆಯ ಮಾಧ್ಯಮವು ಮಗುವಿನ ಮಾತೃಭಾಷೆಯಾಗಿರಬೇಕೆಂದು ಹೇಳುತ್ತದೆ. ಅದೇ ಕಾಯಿದೆಯ ಅನುಸೂಚಿಯಲ್ಲಿ ಶಿಕ್ಷಕರ ಸಂಖ್ಯೆಯೂ ನಿಗದಿಯಾಗಿದೆ. 1ರಿಂದ 5ನೆಯ ತರಗತಿಯವರೆಗೆ 60 ಮಕ್ಕಳವರೆಗೆ 2, 61ರಿಂದ 90ರವರೆಗೆ 3, 91ರಿಂದ 120ರವರೆಗೆ 4 ಶಿಕ್ಷಕರು ಇರಬೇಕು. ವರ್ಷಕ್ಕೆ ಕನಿಷ್ಠ 200 ದಿನಗಳು, 800 ಗಂಟೆಗಳ ಬೋಧನೆ ನಡೆಯಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ‘ಯತ್ನಿಸಬೇಕು’, ‘ಕಾರ್ಯಸಾಧ್ಯವಾದ ಮಟ್ಟಿಗೆ’ ಎಂಬ ಪದಗಳು ಸರ್ಕಾರಕ್ಕೆ ಸಾಕಷ್ಟು ಅವಕಾಶವನ್ನು ಬಿಟ್ಟುಕೊಡುತ್ತವೆ. ಹಾಗಾಗಿ ಬೇಡಿಕೆ ಇದೆಯೆಂಬುದಕ್ಕೆ ಲಿಖಿತ ಆಧಾರವನ್ನು ಒದಗಿಸುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ಹತ್ತು ಮತ್ತು ನಲವತ್ತರ ಸೂತ್ರ

ಎಷ್ಟು ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ಕೇಳಬಹುದು? 1949ರ ಆಗಸ್ಟ್‌ನಲ್ಲಿ ಸೇರಿದ್ದ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಇದಕ್ಕೆ ಉತ್ತರ ಕೊಟ್ಟಿತು. ಒಂದು ಶಾಲೆಯಲ್ಲಿ ಒಟ್ಟು 40 ಮಕ್ಕಳಾಗಲಿ, ಒಂದು ತರಗತಿಯಲ್ಲಿ 10 ಮಕ್ಕಳಾಗಲಿ ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕೆಂಬುದು ಆ ನಿರ್ಣಯ. 1956ರ ಕೇಂದ್ರದ ಜ್ಞಾಪನಪತ್ರವೂ ಇದನ್ನು ಒಪ್ಪಿಕೊಂಡಿದೆ. ಇದು ಶಾಸನವಲ್ಲ, ಸರ್ಕಾರಗಳ ನಡುವಿನ ಒಪ್ಪಂದ. ಆದರೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ರಾಜ್ಯಗಳನ್ನು ಪ್ರಶ್ನಿಸುವಾಗ ಹಿಡಿಯುವ ಅಳತೆಗೋಲು ಇದೇ.

ಈ ಸೂತ್ರದಲ್ಲಿರುವ ‘ಅಥವಾ’ ಎಂಬುದನ್ನು ಗಮನಿಸಬೇಕು. ಉದಾಹರಣೆಗೆ, ಶಾಲೆಯಲ್ಲಿ ಒಟ್ಟು 26 ಕನ್ನಡ ಮಕ್ಕಳಿದ್ದು 1ನೆಯ ತರಗತಿಯೊಂದರಲ್ಲಿಯೇ 10 ಮಂದಿ ಇದ್ದರೆ ಬೇಡಿಕೆ ಸಾಧುವಾದುದು. ಯಾವ ತರಗತಿಯಲ್ಲಿಯೂ 10 ಇಲ್ಲದೆ, ತರಗತಿಗೆ 8ರಂತೆ ಐದು ತರಗತಿಗಳಲ್ಲಿ ಒಟ್ಟು 40 ಆದರೂ ಬೇಡಿಕೆ ಸಾಧುವೇ. ಇದಕ್ಕೆ ಪ್ರತಿಯಾಗಿ 9 ಮಕ್ಕಳಿರುವ ಒಂದು ತರಗತಿ ಹಾಗೂ ಒಟ್ಟು 38 ಮಕ್ಕಳಿರುವ ಒಂದು ಶಾಲೆ ಎರಡು ಮನೆಗಳ ನಿರ್ಧಾರದಿಂದ ಸೂತ್ರದ ಹೊರಗೆ ಉಳಿದುಬಿಡುತ್ತವೆ. ಊರಿನ ಒಂದೆರಡು ಕುಟುಂಬಗಳು ಮಗುವನ್ನು ದೂರದ ಆಂಗ್ಲ ಮಾಧ್ಯಮಕ್ಕೆ ಸೇರಿಸಿದಾಗ ಉಳಿದವರ ಹಕ್ಕು ಸಡಿಲವಾಗುವುದು ಹೀಗೆ.

ಪೋಷಕರ ಭಾಷಾ ಆಯ್ಕೆಯನ್ನು ಶಾಲೆ ತೆರೆಯುವ 3 ತಿಂಗಳು ಮೊದಲೇ ಮುಂಗಡ ನೋಂದಣಿ ಪುಸ್ತಕದಲ್ಲಿ ಬರೆದುಕೊಳ್ಳಬೇಕೆಂಬ ಕ್ರಮವೂ ಈ ರಕ್ಷಣೆಗಳ ಭಾಗವಾಗಿದೆ. ಜೂನ್‌ನಲ್ಲಿ ಶಾಲೆ ತೆರೆಯುವ ತಮಿಳುನಾಡಿನಲ್ಲಿ ಇದು ಮಾರ್ಚ್ ಎಂದಾಯಿತು. ಈಚಿನ ವರ್ಷಗಳಲ್ಲಿ ಸರ್ಕಾರಿ ಶಾಲೆಗಳ ಸೇರ್ಪಡೆಯೂ ಮಾರ್ಚ್‌ನಲ್ಲಿಯೇ ಆರಂಭವಾಗುತ್ತಿದೆ. ಆದುದರಿಂದ 5 ವರ್ಷ ತುಂಬುವ ಮಗುವಿರುವ ಮನೆಯವರು ಮಾರ್ಚ್ ತಿಂಗಳನ್ನು ನೆನಪಿನಲ್ಲಿಡಬೇಕು. ಸೇರ್ಪಡೆಯ ಅರ್ಜಿಯಲ್ಲಿ ‘ತಾಯ್‌ಮೊಳಿ’ ಎಂಬ ಕಡೆ ‘ಕನ್ನಡಂ’ ಎಂದು ಬರೆಸುವುದು ಮೊದಲ ಹೆಜ್ಜೆ. ತಮಿಳು ಮಾಧ್ಯಮಕ್ಕೆ ಸೇರಿಸುವವರೂ ಇದನ್ನು ಬಿಡಬಾರದು. ಕನ್ನಡ ಮಕ್ಕಳೆಷ್ಟು ಎಂಬ ಎಣಿಕೆ ಮುಂದೆ ಆ ದಾಖಲೆಗಳಿಂದಲೇ ಹೊರಡುತ್ತದೆ.

ಊಟ, ನೀರು, ಆರೋಗ್ಯ

ಹಸಿದ ಮಗುವಿಗೆ ಯಾವ ಭಾಷೆಯ ಪಾಠವೂ ಹತ್ತುವುದಿಲ್ಲ. ಈ ವಿಚಾರದಲ್ಲಿ ತಮಿಳುನಾಡು ದೇಶಕ್ಕೇ ದಾರಿ ತೋರಿದ ರಾಜ್ಯ. 1956ರಲ್ಲಿ ಕೆ. ಕಾಮರಾಜರ ಕಾಲದಲ್ಲಿ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದೂಟ ಆರಂಭವಾಯಿತು. 1982ರ ಜುಲೈ 1ರಂದು ಎಂ.ಜಿ. ರಾಮಚಂದ್ರನ್ ಅವರ ಸರ್ಕಾರವು ಅದನ್ನು ಪೌಷ್ಟಿಕ ಆಹಾರ ಯೋಜನೆಯಾಗಿ, ಅಂದರೆ ನಮ್ಮ ಮನೆಗಳಲ್ಲಿಯೂ ಬಳಕೆಯಲ್ಲಿರುವ ‘ಸತ್ತುಣವು’ ಆಗಿ, ವಿಸ್ತರಿಸಿತು. ಇಂದು ಶಾಲೆಯ ಊಟದಲ್ಲಿ ವಾರಕ್ಕೆ 5 ಮೊಟ್ಟೆಗಳಿರುತ್ತವೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಲ್ಲುತ್ತದೆ. ಮೊಟ್ಟೆಯ ಉತ್ಪಾದನೆಗೆ ಹೆಸರಾದ ನಾಮಕ್ಕಲ್ 1997ರವರೆಗೆ ಸೇಲಂ ಜಿಲ್ಲೆಯ ಭಾಗವೇ ಆಗಿತ್ತು.

ಬೆಳಗಿನ ಉಪಾಹಾರದ ಯೋಜನೆ ಈಚಿನದು. 2022ರ ಸೆಪ್ಟೆಂಬರ್ 15ರಂದು ಮಧುರೈಯಲ್ಲಿ ಆರಂಭವಾದ ಇದು, 2023ರ ಆಗಸ್ಟ್ 25ರಂದು ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು. 2024ರ ಜುಲೈಯಲ್ಲಿ ಗ್ರಾಮೀಣ ಅನುದಾನಿತ ಶಾಲೆಗಳಿಗೂ, 2025ರ ಆಗಸ್ಟ್‌ನಲ್ಲಿ ನಗರದ ಅನುದಾನಿತ ಶಾಲೆಗಳಿಗೂ ವಿಸ್ತಾರಗೊಂಡಿತು. 1ರಿಂದ 5ನೆಯ ತರಗತಿಯ ಮಕ್ಕಳಿಗೆ ಉಪ್ಪಿಟ್ಟು, ಕಿಚಡಿ, ಪೊಂಗಲ್ ಮೊದಲಾದವನ್ನು ಮಹಿಳಾ ಸ್ವಸಹಾಯ ಗುಂಪುಗಳವರು ಅಡುಗೆ ಮಾಡಿ ಬಡಿಸುತ್ತಾರೆ. ಬೆಳಗಿನ ಜಾವವೇ ಹೊಲಕ್ಕೋ ಕೂಲಿಗೋ ಹೊರಡುವ ತಾಯಂದಿರಿಗೆ ಇದು ದೊಡ್ಡ ನೆರವು. ಮಾಧ್ಯಮ ಯಾವುದೇ ಇರಲಿ, ಈ ಎರಡೂ ಊಟಗಳು ಮಕ್ಕಳಿಗೆ ಸಲ್ಲುತ್ತವೆ.

ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುವುದು ಅದರ ಮೊದಲ ಗುರುತು. ಬಹುಕಾಲ ಕುಡಿದರೆ ಮೂಳೆಗಳಿಗೂ ಹಾನಿ. ಕಾವೇರಿ ನೀರನ್ನು ಈ ಎರಡು ಜಿಲ್ಲೆಗಳಿಗೆ ತರುವ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಕಾರ್ಯಾರಂಭ ಮಾಡಿದ್ದು ಮುಖ್ಯವಾಗಿ ಈ ಕಾರಣಕ್ಕಾಗಿ. ಶಾಲೆಯ ಕುಡಿಯುವ ನೀರು ಕೊಳವೆಬಾವಿಯದೋ ಹೊಗೇನಕಲ್ ನಲ್ಲಿಯದೋ ಎಂದು ಪೋಷಕರು ವಿಚಾರಿಸುವುದು ಒಳ್ಳೆಯದು. ಇದಲ್ಲದೆ ಸಾರ್ವಜನಿಕ ಆರೋಗ್ಯ ಇಲಾಖೆಯ ಸಂಚಾರಿ ವೈದ್ಯ ತಂಡವು ಶಾಲೆಗೆ ಬಂದು ಮಕ್ಕಳ ಕಣ್ಣು, ಕಿವಿ, ಹಲ್ಲು, ಹೃದಯ, ಬೆಳವಣಿಗೆಗಳನ್ನು ತಪಾಸಣೆ ಮಾಡುತ್ತದೆ. ಕಪ್ಪುಹಲಗೆ ಸರಿಯಾಗಿ ಕಾಣದ ಮಗುವನ್ನು ದಡ್ಡನೆಂದು ತಿಳಿಯುವುದಕ್ಕೆ ಮುನ್ನ ಈ ತಪಾಸಣೆ ನಡೆಯಿತೇ ಎಂದು ಕೇಳಬೇಕು.

ಪುಸ್ತಕ, ಬಟ್ಟೆ, ಇತರ ಸಾಮಗ್ರಿ

ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕ, ನೋಟ್‌ಪುಸ್ತಕ, ಶಾಲಾಚೀಲ, ಪಾದರಕ್ಷೆ, ಬಣ್ಣದ ಕಡ್ಡಿ ಅಥವಾ ಬಣ್ಣದ ಪೆನ್ಸಿಲ್ ಉಚಿತವಾಗಿ ದೊರೆಯುತ್ತವೆ. ಸತ್ತುಣವು ಪಡೆಯುವ 8ನೆಯ ತರಗತಿಯವರೆಗಿನ ಮಕ್ಕಳಿಗೆ ವರ್ಷಕ್ಕೆ 4 ಜೊತೆ ಸಮವಸ್ತ್ರ ಸಲ್ಲುತ್ತದೆ.

ಕನ್ನಡ ಮಾಧ್ಯಮದ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದದ್ದು ಪಠ್ಯಪುಸ್ತಕವನ್ನು. 2010ರ ಏಕರೂಪ ಶಾಲಾ ಶಿಕ್ಷಣ ಕಾಯಿದೆಯಿಂದ, ಅಂದರೆ ‘ಸಮಚ್ಚೀರ್ ಕಲ್ವಿ’ಯಿಂದ, ರಾಜ್ಯಕ್ಕೆಲ್ಲ ಒಂದೇ ಪಠ್ಯಕ್ರಮ ಬಂದಿತು. ಅದೇ ಪಠ್ಯವು ಕನ್ನಡ, ತೆಲುಗು, ಮಲಯಾಳ, ಉರ್ದು ಭಾಷೆಗಳಲ್ಲಿಯೂ ಅಚ್ಚಾಗುತ್ತದೆ. ಕರ್ನಾಟಕದ ಪುಸ್ತಕ ಇಲ್ಲಿನ ಕನ್ನಡ ಮಾಧ್ಯಮದ ಪುಸ್ತಕವಲ್ಲ ಎಂಬುದನ್ನು ಹೊಸದಾಗಿ ಸೇರುವವರು ತಿಳಿದಿರಬೇಕು. 2012ರಿಂದ ಕೆಳ ತರಗತಿಗಳಲ್ಲಿ ವರ್ಷವನ್ನು 3 ಅವಧಿಗಳಾಗಿ ವಿಂಗಡಿಸಿ ಪ್ರತಿ ಅವಧಿಗೂ ಬೇರೆ ಪುಸ್ತಕ ಕೊಡುವ ಪದ್ಧತಿ ಬಂದಿದೆ. ಹೀಗಾಗಿ ಪುಸ್ತಕ ಬಂದಿತೇ ಎಂಬ ಪ್ರಶ್ನೆಯನ್ನು ಜೂನ್‌ನಲ್ಲಿ ಒಮ್ಮೆ ಕೇಳಿದರೆ ಸಾಲದು. ಎರಡನೆಯ, ಮೂರನೆಯ ಅವಧಿಗಳ ಆರಂಭದಲ್ಲಿಯೂ ಕೇಳಬೇಕು. ತಮಿಳು ಪುಸ್ತಕ ಬಂದು ಕನ್ನಡ ಪುಸ್ತಕ ಬಾರದಿದ್ದರೆ ಆ ಸಂಗತಿಯನ್ನು ಶಾಲಾ ಸಮಿತಿಯ ನಡವಳಿ ಪುಸ್ತಕದಲ್ಲಿ ದಿನಾಂಕ ಸಹಿತ ದಾಖಲಿಸಬೇಕು.

ಕಲಿಕೆಯ ಯೋಜನೆಗಳು

ಚೆನ್ನೈ ನಗರದ ಶಾಲೆಗಳಲ್ಲಿ 2003ರಲ್ಲಿ ಆರಂಭವಾಗಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ಚಟುವಟಿಕೆ ಆಧಾರಿತ ಕಲಿಕೆಯೂ, ಕರ್ನಾಟಕದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ‘ನಲಿ–ಕಲಿ’ಯೂ ಒಂದೇ ಮೂಲದವು. ಎರಡಕ್ಕೂ ಪ್ರೇರಣೆ ಆಂಧ್ರದ ಋಷಿ ಕಣಿವೆಯ ಗ್ರಾಮೀಣ ಶಾಲೆಗಳು. ಮಕ್ಕಳು ನೆಲದ ಮೇಲೆ ಗುಂಪಾಗಿ ಕುಳಿತು, ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲೇರುವ ಪದ್ಧತಿ ಇದು. ಹಲವು ತರಗತಿಗಳಿಗೆ ಒಬ್ಬರೇ ಶಿಕ್ಷಕರಿರುವ ಶಾಲೆಗೆ ಈ ಪದ್ಧತಿ ಹೊಂದುತ್ತದೆ. ಆದಕಾರಣ ಕನ್ನಡ ವಿಭಾಗದ ಶಿಕ್ಷಕರು ನಲಿ–ಕಲಿಯ ಕನ್ನಡ ಕಾರ್ಡುಗಳನ್ನು ಪೂರಕವಾಗಿ ಬಳಸುವುದು ಸುಲಭ.

ಕೊರೋನಾ ಕಾಲದ ಕಲಿಕೆಯ ನಷ್ಟವನ್ನು ತುಂಬಲು 2021ರ ಅಕ್ಟೋಬರ್‌ನಲ್ಲಿ ‘ಇಲ್ಲಂ ತೇಡಿ ಕಲ್ವಿ’ ಆರಂಭವಾಯಿತು. ಊರಿನ ಸ್ವಯಂಸೇವಕರೇ ಸಂಜೆ ಹೊತ್ತು ಮನೆಯಂಗಳದಲ್ಲಿ ಪಾಠ ಹೇಳುವ ಯೋಜನೆ ಇದು. ಅವರಿಗೆ ತಿಂಗಳಿಗೆ 1,000 ರೂಪಾಯಿ ಗೌರವಧನ. ನಂತರ ಅದರ ವ್ಯಾಪ್ತಿ ಕಿರಿದಾಯಿತು. ಆದರೂ ಅದು ಕಲಿಸಿದ ಪಾಠ ನಮಗೆ ಉಪಯುಕ್ತವಾದುದು: ಊರಿನಲ್ಲಿಯೇ ಓದಿದ ಒಬ್ಬ ಹೆಣ್ಣುಮಗಳು ಸಂಜೆ ಒಂದು ಗಂಟೆ ಕುಳಿತರೆ ಇಪ್ಪತ್ತು ಮಕ್ಕಳಿಗೆ ಅಕ್ಷರ ಕೂಡಿಸಬಹುದು. ಕನ್ನಡ ಕಲಿಸಲು ತಮಿಳು ಮಾಧ್ಯಮದ ಮನೆಗಳಿಗೆ ಇದಕ್ಕಿಂತ ಸುಲಭದ ಮಾದರಿ ಬೇರೊಂದಿಲ್ಲ.

2022ರ ಜೂನ್ 13ರಂದು ಮೊದಲಾದ ‘ಎಣ್ಣುಂ ಎಳುತ್ತುಂ’ ಯೋಜನೆ 1ರಿಂದ 3ನೆಯ ತರಗತಿಗಳಿಗೆಂದು ಹೊರಟು, ಮರುವರ್ಷ 4 ಮತ್ತು 5ನೆಯ ತರಗತಿಗಳಿಗೂ ಬಂದಿತು. ಮಕ್ಕಳನ್ನು ಅರುಂಬು, ಮೊಟ್ಟು, ಮಲರ್ ಎಂಬ ಮೂರು ಹಂತಗಳಲ್ಲಿ ಗುರುತಿಸಿ, ಆಯಾ ಹಂತಕ್ಕೆ ತಕ್ಕ ಅಭ್ಯಾಸ ಕೊಡಲಾಗುತ್ತದೆ. ಇದರ ವಿಷಯಗಳು ತಮಿಳು, ಇಂಗ್ಲಿಷ್, ಗಣಿತ. ಕನ್ನಡ ಮಾಧ್ಯಮದ ಪೋಷಕರು ಇಲ್ಲಿ ಒಂದು ಪ್ರಶ್ನೆಯನ್ನು ತರಗತಿಯ ಶಿಕ್ಷಕರಲ್ಲಿ ವಿನಯದಿಂದ ಕೇಳಬೇಕು: ‘ನನ್ನ ಮಗು ಕನ್ನಡ ಓದುವುದರಲ್ಲಿ ಯಾವ ಹಂತದಲ್ಲಿದೆ?’ ಅಳತೆಗೆ ಸಿಗದ ವಿಷಯ ಕಾಲಕ್ರಮದಲ್ಲಿ ಪಾಠದಿಂದಲೂ ಜಾರುತ್ತದೆ. ಮನೆಯಲ್ಲಿಯೇ ಪರೀಕ್ಷಿಸುವುದಾದರೆ, 2ನೆಯ ತರಗತಿಯ ಕೊನೆಗೆ ಮಗು ಒತ್ತಕ್ಷರಗಳಿರುವ ಸರಳ ವಾಕ್ಯವನ್ನು ತಡವರಿಸದೆ ಓದಬೇಕು. 3ನೆಯ ತರಗತಿಯ ಕೊನೆಗೆ ಓದಿದ ಕಥೆಯನ್ನು ತನ್ನ ಮಾತಿನಲ್ಲಿ ಹೇಳಬೇಕು.

ತಮಿಳು ಕಲಿಕೆ: ಹೊರೆಯೋ, ಬಂಡವಾಳವೋ

2006ರ ತಮಿಳು ಕಲಿಕಾ ಕಾಯಿದೆಯಂತೆ ಆ ವರ್ಷ 1ನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ 10ನೆಯ ತರಗತಿಯವರೆಗೆ ತಮಿಳು ಕಡ್ಡಾಯವಾಯಿತು. ಮೊದಲ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಇತರ ವಿಷಯಗಳು. ಮಾತೃಭಾಷೆಗೆ ಐಚ್ಛಿಕವಾದ ನಾಲ್ಕನೆಯ ಸ್ಥಾನ. 10ನೆಯ ತರಗತಿಯ ಪರೀಕ್ಷೆಯಲ್ಲಿ ತಮಿಳಿನಿಂದ ವಿನಾಯಿತಿ ಕೋರಿ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಗಳಿಗೆ ಹೋದದ್ದೂ, ಕೆಲವು ವರ್ಷಗಳಿಗೆ ತಾತ್ಕಾಲಿಕ ವಿನಾಯಿತಿ ದೊರೆತದ್ದೂ ಓದುಗರಿಗೆ ತಿಳಿದ ವಿಷಯ.

ಆದರೆ ಪ್ರಾಥಮಿಕ ಹಂತದಲ್ಲಿ ವಿನಾಯಿತಿಯನ್ನು ನಂಬಿ ತಮಿಳನ್ನು ಕಡೆಗಣಿಸುವುದು ಮಗುವಿಗೆ ಹಿತವಲ್ಲವೆಂದು ನಾವು ಭಾವಿಸುತ್ತೇವೆ. ತಮಿಳುನಾಡಿನ ಸರ್ಕಾರಿ ಹುದ್ದೆಗಳ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ತಮಿಳು ಅರ್ಹತಾ ಪತ್ರಿಕೆ ಈಗ ಕಡ್ಡಾಯ. ತಮಿಳು ಮಾಧ್ಯಮದಲ್ಲಿ ಓದಿದವರಿಗೆ 2010ರ ಕಾಯಿದೆಯಂತೆ 20 ಶೇಕಡಾ ಆದ್ಯತೆಯೂ ಇದೆ. 2020ರ ತಿದ್ದುಪಡಿಯ ಬಳಿಕ ಅದನ್ನು ಪಡೆಯಲು 1ನೆಯ ತರಗತಿಯಿಂದಲೇ ತಮಿಳು ಮಾಧ್ಯಮದಲ್ಲಿ ಓದಿರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಈ ಆದ್ಯತೆ ಸಿಗದು. ಉಳಿದ ಸ್ಥಾನಗಳಿಗೆ ಸ್ಪರ್ಧಿಸುವ ಬಾಗಿಲು ಮಾತ್ರ ಮುಚ್ಚಿಲ್ಲ. ಈ ಎರಡೂ ಸಂಗತಿಗಳನ್ನು ತಿಳಿದೇ ಮಾಧ್ಯಮವನ್ನು ಆರಿಸಬೇಕು. ಯಾವುದನ್ನು ಆರಿಸಿದರೂ ಮಗುವಿಗೆ ಎರಡು ಭಾಷೆಗಳೂ ಗಟ್ಟಿಯಾಗಿರಬೇಕು.

ಕನ್ನಡ ಬಲ್ಲ ಮಗುವಿಗೆ ತಮಿಳು ದೂರದ ಭಾಷೆಯಲ್ಲ. ಕನ್ನಡದ ‘ಹ’ಕಾರವಿರುವ ಎಷ್ಟೋ ಅಚ್ಚಗನ್ನಡ ಪದಗಳಿಗೆ ತಮಿಳಿನಲ್ಲಿ ‘ಪ’ಕಾರವಿದೆ: ಹಾಲು–ಪಾಲ್, ಹುಲಿ–ಪುಲಿ, ಹಲ್ಲು–ಪಲ್, ಹೂ–ಪೂ. ಕನ್ನಡದ ಕ, ಖ, ಗ, ಘ ಎಂಬ ನಾಲ್ಕಕ್ಕೆ ತಮಿಳಿನಲ್ಲಿ ಒಂದೇ ಅಕ್ಷರ. ಉಚ್ಚಾರಣೆ ಸ್ಥಾನವನ್ನು ನೋಡಿ ಬದಲಾಗುತ್ತದೆ. ಕನ್ನಡದಿಂದ ತಮಿಳಿಗೆ ಹೋಗುವ ಮಗುವಿಗೆ ಅಕ್ಷರಗಳು ಕಡಿಮೆಯಾಗುತ್ತವೆ, ಊಹೆ ಹೆಚ್ಚಾಗುತ್ತದೆ. ತಮಿಳಿನಿಂದ ಕನ್ನಡಕ್ಕೆ ಬರುವ ಮಗುವಿಗೆ ಮಹಾಪ್ರಾಣಗಳೂ ಒತ್ತಕ್ಷರಗಳೂ ಹೊಸದು. ಆದುದರಿಂದ ತಮಿಳು ಮಾಧ್ಯಮದ ಮಗುವಿಗೆ ಮನೆಯಲ್ಲಿ ಕನ್ನಡ ಕಲಿಸುವವರು ಮೊದಲು ಅಲ್ಪಪ್ರಾಣಗಳಿಂದ, ಒತ್ತಿಲ್ಲದ ಪದಗಳಿಂದ ಆರಂಭಿಸಬೇಕು: ಮರ, ಮನೆ, ಆಡು, ನೀರು. ಮಗು ಈಗಾಗಲೇ ಆಡುತ್ತಿರುವ ಪದಗಳನ್ನೇ ಬರೆಸಿದರೆ ಅರ್ಥ ಹೇಳುವ ಕೆಲಸ ಉಳಿಯುತ್ತದೆ.

ಶಿಕ್ಷಕರಿಗೆ ಇರುವ ಬೆಂಬಲ

ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ತರಬೇತಿ ನೀಡುವ ವ್ಯವಸ್ಥೆ ಮೂರು ಹಂತಗಳದು. ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿದೆ; ಸೇಲಂ ಜಿಲ್ಲೆಯದು ಉತ್ತಮಚೋಳಪುರದಲ್ಲಿದೆ. ಅದರ ಕೆಳಗೆ ‘ವಟ್ಟಾರ ವಳ ಮೈಯಂ’ ಎಂಬ ಒಕ್ಕೂಟ ಮಟ್ಟದ ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಹತ್ತಾರು ಶಾಲೆಗಳಿಗೊಂದರಂತೆ ‘ಕುರುವಳ ಮೈಯಂ’ ಇವೆ. ಸಮಗ್ರ ಶಿಕ್ಷಾ ಯೋಜನೆಯ ತರಬೇತಿಗಳು ನಡೆಯುವುದು ಇಲ್ಲಿಯೇ. ತರಬೇತಿಯ ಮಾತು ತಮಿಳಿನಲ್ಲಿದ್ದು, ಪಾಠ ಕನ್ನಡದಲ್ಲಿದ್ದರೆ ನಡುವಣ ಅನುವಾದದ ಶ್ರಮ ಆ ಒಬ್ಬ ಶಿಕ್ಷಕರ ತಲೆಯ ಮೇಲೆ ಬೀಳುತ್ತದೆ. ಕನ್ನಡ ಶಿಕ್ಷಕರನ್ನೆಲ್ಲ ಒಂದೇ ಕೇಂದ್ರದಲ್ಲಿ ಒಂದು ದಿನ ಕೂಡಿಸಿ, ಪಾಠಯೋಜನೆ ಹಂಚಿಕೊಳ್ಳುವಂತೆ ಮಾಡಬೇಕೆಂಬ ಬೇಡಿಕೆಯನ್ನು ಪೋಷಕರ ಸಮಿತಿಯೂ ಮುಂದಿಡಬಹುದು.

ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಪ್ರಕರಣವು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನು ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದೆಂದು ಹೇಳುತ್ತದೆ. ಇದು ಶಿಕ್ಷಕರ ರಕ್ಷಣೆಯೂ ಹೌದು, ಮಗುವಿನ ಹಕ್ಕೂ ಹೌದು.

ಎಲ್ಲಕ್ಕಿಂತ ಗಂಭೀರವಾದ ವಿಷಯ ಹೊಸ ಶಿಕ್ಷಕರದು. ಪ್ರಾಥಮಿಕ ಶಿಕ್ಷಕರಾಗಲು ಶಿಕ್ಷಣ ಡಿಪ್ಲೊಮಾದ ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 150 ಅಂಕಗಳ ಆ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಮಕ್ಕಳ ವಿಕಾಸ, ಮೊದಲ ಭಾಷೆ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಇವುಗಳಿಗೆ ತಲಾ 30 ಅಂಕ. ಮೊದಲ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಲು ಅವಕಾಶವಿದೆ. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಂತೆ, 5 ವರ್ಷಕ್ಕಿಂತ ಹೆಚ್ಚು ಸೇವಾವಧಿ ಉಳಿದಿರುವ ಹಾಲಿ ಶಿಕ್ಷಕರೂ 2 ವರ್ಷದೊಳಗೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಹಿರಿಯ ಪೀಠಕ್ಕೆ ಒಪ್ಪಿಸಲಾಗಿದೆ. ಕನ್ನಡ ಶಿಕ್ಷಕರ ಸಂಖ್ಯೆ ಮೊದಲೇ ವಿರಳವಾಗಿರುವಲ್ಲಿ ಒಂದೇ ಹುದ್ದೆ ಖಾಲಿಯಾದರೂ ವಿಭಾಗವೇ ಅಲುಗಾಡುತ್ತದೆ. ಹತ್ತು, ಹನ್ನೆರಡನೆಯ ತರಗತಿ ಮುಗಿಸಿದ ನಮ್ಮ ಯುವಕ ಯುವತಿಯರಲ್ಲಿ ಕೆಲವರಾದರೂ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿ ಈ ದಾರಿಗೆ ಬರದಿದ್ದರೆ, ಮಕ್ಕಳಿದ್ದೂ ತರಗತಿಗಳು ಮುಚ್ಚುವ ದಿನ ದೂರವಿಲ್ಲ.

ಶಾಲಾ ಆಡಳಿತ ಸಮಿತಿ: ಪೋಷಕರ ಕೈಯಲ್ಲಿರುವ ಸಾಧನ

‘ಪಳ್ಳಿ ಮೇಲಾಣ್ಮೈ ಕುಳು’ ಎಂದು ಕರೆಯಲಾಗುವ ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ತಮಿಳುನಾಡಿನಲ್ಲಿ 2022ರಲ್ಲಿ ಪುನಾರಚನೆಯಾದ ಸಮಿತಿಗಳಲ್ಲಿ 20 ಸದಸ್ಯರಿದ್ದು, ಅವರಲ್ಲಿ 15 ಮಂದಿ ಪೋಷಕರಿದ್ದರು. 2024ರಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ಸ್ಥಾನ ದೊರೆಯಿತು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು, ಅನುದಾನದ ಬಳಕೆಯನ್ನು ನೋಡಿಕೊಳ್ಳುವುದು ಈ ಸಮಿತಿಯ ಕೆಲಸ.

ಕನ್ನಡ ಮತ್ತು ತಮಿಳು ವಿಭಾಗಗಳೆರಡೂ ಇರುವ ಶಾಲೆಯಲ್ಲಿ ಕನ್ನಡ ತಾಯಂದಿರು ಸಮಿತಿಯಲ್ಲಿಲ್ಲದಿದ್ದರೆ ಕನ್ನಡ ವಿಭಾಗದ ಮಾತು ನಡವಳಿಯಲ್ಲಿ ಬಾರದು. ಸಭೆಯ ಭಾಷೆ ತಮಿಳಾದರೂ ಅಂಜಬೇಕಾಗಿಲ್ಲ. ಬೇಡಿಕೆಯನ್ನು ಎರಡು ಸಾಲಿನಲ್ಲಿ ಬರೆದುಕೊಟ್ಟು, ನಿರ್ಣಯವಾಗಿ ದಾಖಲಾಗುವಂತೆ ನೋಡಿಕೊಂಡರೆ ಸಾಕು.

ಕನ್ನಡ ಶಿಕ್ಷಕರನ್ನೋ ವಿಭಾಗವನ್ನೋ ಕೇಳುವ ಕ್ರಮ ಹೀಗಿರಲಿ. ಮೊದಲು ಮಕ್ಕಳ ಹೆಸರು, ವಯಸ್ಸು, ತರಗತಿ, ಪೋಷಕರ ಸಹಿಗಳಿರುವ ಪಟ್ಟಿ. ಎರಡನೆಯದಾಗಿ ಅದನ್ನು ಆಧರಿಸಿದ ಸಮಿತಿಯ ನಿರ್ಣಯ. ಮೂರನೆಯದಾಗಿ ಮುಖ್ಯೋಪಾಧ್ಯಾಯರ ಮೂಲಕ ‘ವಟ್ಟಾರ ಕಲ್ವಿ ಅಲುವಲರ್’ ಅವರಿಗೆ ಮನವಿ. ಅದರ ಪ್ರತಿ ಜಿಲ್ಲೆಯ ‘ಮುದನ್ಮೈ ಕಲ್ವಿ ಅಲುವಲರ್’ ಅವರಿಗೆ. ಸ್ವೀಕೃತಿಯ ಮೊಹರು ಪಡೆಯುವುದನ್ನು ಮರೆಯಬಾರದು. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಮನವಿಯ ಮೇಲೆ ಏನು ಕ್ರಮವಾಯಿತೆಂದು ಕೇಳಬಹುದು; 30 ದಿನಗಳಲ್ಲಿ ಉತ್ತರ ಸಲ್ಲಬೇಕು. ಆ ಬಳಿಕವೂ ಫಲವಿಲ್ಲದಿದ್ದರೆ ರಾಜ್ಯ ಅಲ್ಪಸಂಖ್ಯಾತರ ಆಯೋಗ ಹಾಗೂ ಚೆನ್ನೈಯ ಭಾಷಾ ಅಲ್ಪಸಂಖ್ಯಾತರ ವಲಯ ಕಚೇರಿಗಳಿಗೆ ಇದೇ ಕಾಗದಗಳ ಪ್ರತಿ ಕಳುಹಿಸಬಹುದು.

ಕರ್ನಾಟಕದ ಕಡೆಯಿಂದ

2010ರ ಅಧಿನಿಯಮದಿಂದ ರೂಪುಗೊಂಡ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಗಡಿಯಾಚೆಯ ಕನ್ನಡ ಪ್ರದೇಶಗಳ ಶಾಲೆ ಮತ್ತು ಸಂಸ್ಥೆಗಳ ಚಟುವಟಿಕೆಗೂ ನೆರವು ನೀಡುತ್ತದೆ. ಬಿಡಿ ಪೋಷಕರಿಗಿಂತ ನೋಂದಾಯಿತ ಸಂಘವೊಂದು ಅರ್ಜಿ ಸಲ್ಲಿಸುವುದು ಇಂಥ ನೆರವಿಗೆ ಅನುಕೂಲ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ನಡೆಸುತ್ತದೆ. ತಮಿಳು ಮಾಧ್ಯಮದಲ್ಲಿ ಓದಿದ ಮಕ್ಕಳು ಮುಂದೆ ಕನ್ನಡ ಕಲಿಕೆಗೆ ಪ್ರಮಾಣಪತ್ರ ಪಡೆಯಲು ಇದೊಂದು ದಾರಿ. ಕರ್ನಾಟಕದ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಹಂತವಾರಾಗಿ, ಹಣ ತೆರದೆ ಓದಬಹುದು. ಅದೇ ಕಥೆ ತಮಿಳಿನಲ್ಲಿಯೂ ಇದ್ದರೆ ಎರಡನ್ನೂ ಒಟ್ಟಿಗಿಟ್ಟು ಓದಿಸಬಹುದು.

ವರ್ಷವಿಡೀ ನೆನಪಿಡಬೇಕಾದವು

ಮಾರ್ಚ್‌ನಲ್ಲಿ ಸೇರ್ಪಡೆ, ಮಾತೃಭಾಷೆಯ ದಾಖಲೆ, ಹತ್ತು–ನಲವತ್ತರ ಎಣಿಕೆ. ಜೂನ್‌ನಲ್ಲಿ ಕನ್ನಡ ಪಠ್ಯಪುಸ್ತಕ ಹಾಗೂ ಸಾಮಗ್ರಿಗಳ ಪರಿಶೀಲನೆ, ಶಿಕ್ಷಕರ ವರ್ಗಾವಣೆಯಿಂದ ಹುದ್ದೆ ಖಾಲಿಯಾಗಿದೆಯೇ ಎಂಬ ವಿಚಾರಣೆ. ಪ್ರತಿ ಅವಧಿಯ ಆರಂಭದಲ್ಲಿ ಮತ್ತೆ ಪುಸ್ತಕ. ಸಮಿತಿಯ ಪ್ರತಿ ಸಭೆಯಲ್ಲಿ ಕನ್ನಡ ವಿಭಾಗದ ಕುರಿತು ಒಂದು ನಿರ್ಣಯ. ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಕನ್ನಡದ ಓದು.

ಸರ್ಕಾರದ ಊಟ, ಬಟ್ಟೆ, ಪುಸ್ತಕಗಳು ಕನ್ನಡ ಮಗುವಿಗೂ ತಮಿಳು ಮಗುವಿಗೂ ಒಂದೇ ಸಮನಾಗಿ ತಲುಪುತ್ತಿರುವುದು ಮೆಚ್ಚತಕ್ಕ ಸಂಗತಿ. ಮಾತೃಭಾಷೆಯ ಪಾಠ ಮಾತ್ರ ಹಾಗೆ ತಾನಾಗಿ ತಲುಪುವುದಿಲ್ಲ. ಅದಕ್ಕೆ ಎಣಿಕೆ ಬೇಕು, ಅರ್ಜಿ ಬೇಕು, ಅರ್ಹ ಶಿಕ್ಷಕರು ಬೇಕು. ಮೊದಲೆರಡನ್ನು ಈ ವರ್ಷವೇ ನಾವು ಮಾಡಬಹುದು. ಮೂರನೆಯದಕ್ಕೆ ಐದಾರು ವರ್ಷ ಬೇಕಾದೀತು. ಆದುದರಿಂದಲೇ ಅದನ್ನೂ ಈ ವರ್ಷವೇ ಆರಂಭಿಸಬೇಕಾಗಿದೆ.